ಅರಬ್ಬೀ ಸಮುದ್ರದ ಹಾಡುಗಾರ

ಪ್ರಾಣಿಗಳಿಗೆ ಹೆಸರಿಡುವಾಗ ನಮ್ಮ ಹಿರಿಯರು ಕಂಡದ್ದನ್ನು ಕಂಡಂತೆ ಹೇಳಿದ್ದುಂಟು; ಕಾಣದ್ದನ್ನು ಕಲ್ಪಿಸಿ ಹೇಳಿದ್ದೂ ಉಂಟು. ಕಡಲಿನ ಮಹಾಕಾಯಕ್ಕೆ ಸಂಸ್ಕೃತ ಕೊಟ್ಟ, ಕನ್ನಡ ತನ್ನದಾಗಿ ಮಾಡಿಕೊಂಡ ‘ತಿಮಿಂಗಿಲ’ ಎಂಬ ಹೆಸರು ಎರಡನೆಯ ಬಗೆಯದು. ‘ತಿಮಿ’ ಎಂದರೆ ದೊಡ್ಡ ಮೀನು. ಅದನ್ನು ನುಂಗುವಂಥದು ತಿಮಿಂಗಿಲ. ಅಷ್ಟಕ್ಕೇ ತೃಪ್ತಿಯಾಗದೆ, ತಿಮಿಂಗಿಲವನ್ನೂ ನುಂಗುವ ‘ತಿಮಿಂಗಿಲಗಿಲ’ವೊಂದನ್ನು ಕಲ್ಪಿಸಿದವರೂ ನಮ್ಮವರೇ. ಒಟ್ಟಿನಲ್ಲಿ ಈ ಪ್ರಾಣಿಯನ್ನು ನಾವು ಅದರ ಬಾಯಿಯಿಂದ ಗುರುತಿಸಿದೆವು. ನುಂಗುವುದೇ ಅದರ ಸ್ವಭಾವವೆಂದು ಬಗೆದೆವು. ನಿಜಸ್ಥಿತಿ ಬೇರೆ. ಹಲ್ಲಿಲ್ಲದ ದೊಡ್ಡ ತಿಮಿಂಗಿಲಗಳು ತಿನ್ನುವುದು ಸೀಗಡಿಯಂಥ ಸಣ್ಣ ಜೀವಿಗಳನ್ನು, ಬೂತಾಯಿಯಂಥ ಕಿರುಮೀನುಗಳನ್ನು. ಅವುಗಳ ಬಾಯಿ ಗುಹೆಯಂತಿದ್ದರೂ ಗಂಟಲು ಒಬ್ಬ ಮನುಷ್ಯನನ್ನು ನುಂಗಲಾರದಷ್ಟು ಕಿರಿದು.

ಕವಿಗಳಲ್ಲಿ ಕಾಳಿದಾಸನು ಇನ್ನಷ್ಟು ಹತ್ತಿರದಿಂದ ನೋಡಿದವನಂತೆ ತೋರುತ್ತಾನೆ. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವಿಮಾನದಿಂದ ಸೀತೆಗೆ ಕಡಲನ್ನು ತೋರಿಸುವ ರಾಮನು, ನೀರನ್ನು ತಲೆಯ ರಂಧ್ರಗಳಿಂದ ಮೇಲಕ್ಕೆ ಚಿಮ್ಮಿಸುವ ತಿಮಿಗಳನ್ನೂ ತೋರಿಸುತ್ತಾನೆ. ನೋಟ ಸರಿಯಾದದ್ದು, ವಿವರಣೆಯಷ್ಟೇ ಬೇರೆ. ಚಿಮ್ಮುವುದು ಬಾಯಿಗೆ ತುಂಬಿಕೊಂಡ ನೀರಲ್ಲ, ಬಿಡುವ ಉಸಿರು. ಶ್ವಾಸಕೋಶದ ಬೆಚ್ಚನೆಯ ಗಾಳಿ ಒಮ್ಮೆಲೇ ಹೊರನುಗ್ಗಿದಾಗ ಅದರ ತೇವ ಹನಿಗಟ್ಟಿ ಕಾರಂಜಿಯಂತೆ ಕಾಣುತ್ತದೆ. ತಿಮಿಂಗಿಲ ಮೀನಲ್ಲವೆಂಬುದಕ್ಕೆ ಆ ಉಸಿರೇ ಸಾಕ್ಷಿ. ಬಿಸಿರಕ್ತದ ಆ ಪ್ರಾಣಿ ಗರ್ಭದಲ್ಲಿ ಮರಿಯನ್ನು ಹೊತ್ತು, ಹೆತ್ತು, ಹಾಲೂಡಿಸಿ ಬೆಳೆಸುತ್ತದೆ. ಹಸುವಿನಂತೆ, ಆನೆಯಂತೆ, ನಮ್ಮಂತೆ ಅದೂ ಸ್ತನಿ.

ಬಾಯಿಯನ್ನು ಬಲ್ಲೆವು, ಉಸಿರನ್ನು ಕಂಡೆವು. ಅದಕ್ಕೊಂದು ದನಿಯುಂಟೆಂಬುದನ್ನು ಲೋಕ ಕೇಳಿದ್ದು ಮಾತ್ರ ತೀರ ಈಚೆಗೆ. ಇಂದು ನಾನು ಹೇಳಹೊರಟಿರುವುದು ಆ ದನಿಯ ಕಥೆಯನ್ನು. ಅದರಲ್ಲಿಯೂ ನಮ್ಮ ಪಡುವಣ ಕಡಲಿನಲ್ಲೇ ವಾಸಿಸುತ್ತ, ನಮಗೆ ಅಪರಿಚಿತವಾಗಿಯೇ ಉಳಿದಿರುವ ಒಂದು ಹಾಡುಗಾರ ಕುಲದ ಕಥೆಯನ್ನು.

ಈ ಹಾಡುಗಾರನಿಗೆ ಗೂನುಬೆನ್ನಿನ ತಿಮಿಂಗಿಲವೆಂದು ಹೆಸರು. ಮುಳುಗುವ ಮುನ್ನ ಬೆನ್ನನ್ನು ಬಿಲ್ಲಿನಂತೆ ಬಾಗಿಸುವುದರಿಂದ ಬಂದ ಹೆಸರದು. ಬೆಳೆದ ಪ್ರಾಣಿಯ ಉದ್ದ ಸುಮಾರು ೧೩ರಿಂದ ೧೫ ಮೀಟರು. ತೂಕ ೨೫, ೩೦ ಟನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮೈಯುದ್ದದ ಮೂರನೆಯ ಒಂದು ಭಾಗದಷ್ಟು ನೀಳವಾದ ಎರಡು ಈಜುಗೈಗಳು ಬೇರಾವ ತಿಮಿಂಗಿಲಕ್ಕೂ ಇಲ್ಲ. ತಾಯಿ ಸುಮಾರು ಹನ್ನೊಂದು ತಿಂಗಳು ಗರ್ಭ ಧರಿಸಿ, ನಾಲ್ಕು ಮೀಟರಿಗೂ ಮಿಕ್ಕಿ ಉದ್ದವಾದ ಒಂದೇ ಒಂದು ಮರಿಯನ್ನು ಹಡೆಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಒಂದು ಮರಿ: ಇದು ಅದರ ಬದುಕಿನ ಲೆಕ್ಕಾಚಾರ. ಈ ಲೆಕ್ಕವನ್ನು ನೆನಪಿನಲ್ಲಿಡಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದೆ ಅದರ ಅಗತ್ಯ ಬೀಳುತ್ತದೆ.

ನೆಲದ ಮೇಲೆ ಬದುಕುವ ನಾವು ಕಣ್ಣನ್ನು ನಚ್ಚಿದವರು. ಕಡಲಿನೊಳಗೆ ಕಣ್ಣಿನ ರಾಜ್ಯ ಬಹಳ ಚಿಕ್ಕದು. ಇನ್ನೂರು ಮೀಟರು ಆಳ ಇಳಿಯುವಷ್ಟರಲ್ಲಿ ಹಗಲು ಬಹುಮಟ್ಟಿಗೆ ಮುಗಿದುಹೋಗುತ್ತದೆ. ಮೇಲಿನ ನೀರಿನಲ್ಲಿಯೂ ಕೆಲವು ಹತ್ತು ಮೀಟರುಗಳಾಚೆ ಎಲ್ಲವೂ ಮಬ್ಬು. ಶಬ್ದದ ಸಂಗತಿ ಹಾಗಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ಸಾಗುವ ಶಬ್ದ, ಕಡಲ ನೀರಿನಲ್ಲಿ ಸುಮಾರು ೧,೫೦೦ ಮೀಟರು ಸಾಗುತ್ತದೆ. ಅದರಲ್ಲಿಯೂ ಮಂದ್ರದ ದನಿ ಬಲುದೂರ ಹೋದರೂ ಸೊರಗದು. ಆದುದರಿಂದ ಆ ಲೋಕದಲ್ಲಿ ತಾಯಿ ಮರಿಯನ್ನು ತಿಳಿಯುವುದು, ಗಂಡು ತನ್ನ ಇರವನ್ನು ಸಾರುವುದು, ದೂರದ ಸಂಗಾತಿಯ ಸುಳಿವು ಸಿಕ್ಕುವುದು, ಎಲ್ಲವೂ ಕಿವಿಯಿಂದಲೇ. ಹೊರಗೆ ಕಾಣುವ ಕಿವಿಯಾಲೆ ಒಂದೂ ಇಲ್ಲದ ಈ ಪ್ರಾಣಿ ಬದುಕುವುದು ಕೇಳಿಕೆಯ ಬಲದಿಂದ.

ಆ ಕಿವಿಯ ಚರಿತ್ರೆಯಲ್ಲಿ ನಮ್ಮ ನಾಡಿನದೂ ಒಂದು ಪುಟವುಂಟು. ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ ಕಾಶ್ಮೀರದ ಕಾಲಕೋಟೆಯ ಬಂಡೆಗಳಿಂದ ಪಳೆಯುಳಿಕೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಒಂದು ಸಣ್ಣ ಗೊರಸಿನ ಪ್ರಾಣಿಗೆ ೧೯೭೧ರಲ್ಲಿ ‘ಇಂಡೋಹ್ಯುಸ್’ ಎಂದು ಹೆಸರಿಟ್ಟರು. ಅವರು ತೀರಿಕೊಂಡ ಬಳಿಕ, ಒಡೆದು ನೋಡದೆ ಉಳಿದಿದ್ದ ಕಲ್ಲುಗಳನ್ನು ಅವರ ಪತ್ನಿ ಹಾನ್ಸ್ ಥೆವಿಸನ್ ಎಂಬ ಸಂಶೋಧಕರಿಗೆ ಒಪ್ಪಿಸಿದರು. ಕಲ್ಲನ್ನು ಬಿಡಿಸುವಾಗ ತಲೆಬುರುಡೆಯೊಂದು ಅಕಸ್ಮಾತ್ತಾಗಿ ಒಡೆಯಿತು. ಒಡೆದ ಕಡೆ ಕಿವಿಯ ಮೂಳೆ ಕಾಣಿಸಿತು. ಆ ಮೂಳೆಯ ಒಳಗೋಡೆ ದಪ್ಪನಾಗಿತ್ತು. ಅಂಥ ದಪ್ಪ ಗೋಡೆ ತಿಮಿಂಗಿಲಗಳ ಕುಲಲಕ್ಷಣ. ೨೦೦೭ರಲ್ಲಿ ಪ್ರಕಟವಾದ ಈ ಶೋಧದಿಂದ, ಸುಮಾರು ೪ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ ನಮ್ಮ ಉಪಖಂಡದ ವಾಯವ್ಯದಲ್ಲಿ ಹೊಳೆಯ ನೀರಿಗಿಳಿದು ಅಡ್ಡಾಡುತ್ತಿದ್ದ, ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ ಈ ಪ್ರಾಣಿ ತಿಮಿಂಗಿಲಗಳ ಹತ್ತಿರದ ದಾಯಾದಿಯೆಂದು ಗೊತ್ತಾಯಿತು. ಕಡಲ ದೊರೆಯ ವಂಶಾವಳಿಯನ್ನು ಬಿಡಿಸಿ ಹೇಳಿದ್ದು ಒಂದು ಕಿವಿಯ ಎಲುಬು. ಕಾಲು ಈಜುಗೈಯಾಗುವ ಮೊದಲೇ ಕಿವಿ ಬದಲಾಗತೊಡಗಿತ್ತು.

ಇನ್ನು ದನಿಯ ವಿಷಯ. ಅಟ್ಲಾಂಟಿಕ್ ಸಾಗರದ ಬರ್ಮುಡ ದ್ವೀಪದಲ್ಲಿ ಫ್ರಾಂಕ್ ವಾಟ್ಲಿಂಗ್‌ಟನ್ ಎಂಬ ಎಂಜಿನಿಯರೊಬ್ಬರಿದ್ದರು. ಅಮೆರಿಕದ ನೌಕಾಪಡೆಗಾಗಿ ನೀರಿನಾಳದಲ್ಲಿ ಶಬ್ದಗ್ರಾಹಕಗಳನ್ನಿಳಿಸಿ ಕಡಲಿನ ಸದ್ದುಗಳನ್ನು ಆಲಿಸುವುದು ಅವರ ಕೆಲಸ. ೧೯೫೦ರ ದಶಕದಿಂದ ಅವರ ಯಂತ್ರಗಳಿಗೆ ವಿಚಿತ್ರವಾದ ಕೂಗು, ನರಳು, ಏರಿಳಿಯುವ ನಾದಗಳು ಸಿಕ್ಕತೊಡಗಿದವು. ಅವು ಗೂನುಬೆನ್ನಿನ ತಿಮಿಂಗಿಲಗಳವೆಂದು ಅವರು ಅರಿತರು, ಅರಿತು ಸುಮ್ಮನಿದ್ದರು. ಬೇಟೆಗಾರರಿಗೆ ಇದು ತಿಳಿದರೆ ದನಿಯ ಜಾಡು ಹಿಡಿದು ಕೊಂದಾರೆಂಬ ಅಂಜಿಕೆ ಅವರದು. ೧೯೬೭ರಲ್ಲಿ ರೋಜರ್ ಪೇನ್ ಮತ್ತು ಕೇಟಿ ಪೇನ್ ಎಂಬ ಸಂಶೋಧಕ ದಂಪತಿಗಳು ಅಲ್ಲಿಗೆ ಬಂದಾಗ, ಇವರನ್ನು ನಂಬಬಹುದೆಂದು ಬಗೆದು ತಮ್ಮ ಸುರುಳಿಗಳನ್ನು ಒಪ್ಪಿಸಿದರು.

ಪೇನ್ ಅವರೂ ಸ್ಕಾಟ್ ಮ್ಯಾಕ್‌ವೇ ಅವರೂ ಆ ಸುರುಳಿಗಳನ್ನು ತಿಂಗಳುಗಟ್ಟಲೆ ಪರಿಶೀಲಿಸಿ ೧೯೭೧ರಲ್ಲಿ ಪ್ರಕಟಿಸಿದ ತೀರ್ಮಾನ ಸ್ಪಷ್ಟವಾಗಿತ್ತು: ಅದು ಬರಿಯ ಕೂಗಲ್ಲ, ಹಾಡು. ಬಿಡಿಸ್ವರಗಳು ಸೇರಿ ಪದವಾಗುತ್ತವೆ. ಒಂದೇ ಪದ ಹಲವು ಸಲ ಮರುಕಳಿಸಿ ಒಂದು ಚರಣವಾಗುತ್ತದೆ. ಚರಣಗಳು ಗೊತ್ತಾದ ಕ್ರಮದಲ್ಲಿ ಒಂದರ ಹಿಂದೊಂದು ಬರುತ್ತವೆ. ಹಾಡು ಮುಗಿಯಲು ಹತ್ತು ನಿಮಿಷವಾಗಬಹುದು, ಅರ್ಧ ಗಂಟೆಯೂ ಆಗಬಹುದು. ಮುಗಿದೊಡನೆ ಮತ್ತೆ ಮೊದಲಿನಿಂದ, ಹೀಗೆ ಗಂಟೆಗಟ್ಟಲೆ. ಹಾಡುವುದು ಗಂಡು ಮಾತ್ರ, ಅದೂ ಹೆಚ್ಚಾಗಿ ಕೂಡುವ ಋತುವಿನಲ್ಲಿ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಒಂದು ಕಡಲಿನ ಗಂಡುಗಳೆಲ್ಲ ಒಂದು ಕಾಲಕ್ಕೆ ಒಂದೇ ಹಾಡನ್ನು ಹಾಡುತ್ತವೆ; ಬೇರೊಂದು ಕಡಲಿನವು ಬೇರೆಯದನ್ನು. ವರ್ಷದಿಂದ ವರ್ಷಕ್ಕೆ ಹಾಡು ಸ್ವಲ್ಪಸ್ವಲ್ಪವಾಗಿ ಬದಲಾಗುತ್ತದೆ, ಬದಲಾದದ್ದನ್ನು ಎಲ್ಲವೂ ಕಲಿಯುತ್ತವೆ. ಆಸ್ಟ್ರೇಲಿಯದ ಪೂರ್ವತೀರದಲ್ಲಿ ೧೯೯೦ರ ದಶಕದ ಕೊನೆಗೆ ಒಂದು ವಿಶೇಷ ನಡೆಯಿತು. ಪಶ್ಚಿಮತೀರದ ಕೆಲವು ಗಂಡುಗಳು ಪೂರ್ವಕ್ಕೆ ಬಂದು ತಮ್ಮ ಹಾಡನ್ನು ಹಾಡಿದವು; ಎರಡೇ ವರ್ಷಗಳಲ್ಲಿ ಪೂರ್ವದವು ತಮ್ಮ ಹಳೆಯ ಹಾಡನ್ನು ತೊರೆದು ಹೊಸದನ್ನು ಕಲಿತುಬಿಟ್ಟವು. ಜಾನಪದ ಗೀತೆಯೊಂದು ಊರಿಂದೂರಿಗೆ ಸಾಗುವ ಪರಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಕ್ತದಿಂದ ಬರುವ ಗುಣ ಇದಲ್ಲ. ಕೇಳಿ ಕಲಿತದ್ದು, ಒಬ್ಬರಿಂದೊಬ್ಬರಿಗೆ ಒದಗಿದ್ದು. ಇದಕ್ಕೆ ಪರಂಪರೆಯೆಂಬ ಪದವನ್ನು ಬಳಸಿದರೆ ತಪ್ಪಾಗದು.

ಈ ಹಾಡು ೧೯೭೦ರಲ್ಲಿ ಧ್ವನಿಮುದ್ರಿಕೆಯಾಗಿ ಹೊರಬಂದು ಲಕ್ಷಾಂತರ ಮನೆಗಳನ್ನು ಮುಟ್ಟಿತು. ಅದುವರೆಗೆ ತಿಮಿಂಗಿಲವೆಂದರೆ ಎಣ್ಣೆ, ಮಾಂಸ, ಗೊಬ್ಬರ; ಇಪ್ಪತ್ತನೆಯ ಶತಮಾನವೊಂದರಲ್ಲಿಯೇ ಸುಮಾರು ೨೯ ಲಕ್ಷ ದೊಡ್ಡ ತಿಮಿಂಗಿಲಗಳನ್ನು ಮನುಷ್ಯ ಕೊಂದಿದ್ದಾನೆ. ಹಾಡನ್ನು ಕೇಳಿದವರಿಗೆ ಆ ಲೆಕ್ಕ ಸಹಿಸದಾಯಿತು. ೧೯೭೨ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನವು ಹತ್ತು ವರ್ಷ ಬೇಟೆಯನ್ನು ನಿಲ್ಲಿಸಬೇಕೆಂದು ಕೇಳಿತು. ೧೯೭೭ರಲ್ಲಿ ನಕ್ಷತ್ರಗಳತ್ತ ಹೊರಟ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯಲ್ಲಿ, ಮನುಷ್ಯರ ನಮಸ್ಕಾರಗಳೊಂದಿಗೆ, ಈ ತಿಮಿಂಗಿಲದ ದನಿಯೂ ಹೋಯಿತು. ೧೯೮೨ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವಾಣಿಜ್ಯ ಬೇಟೆಯನ್ನು ತಡೆಹಿಡಿಯಲು ನಿರ್ಣಯಿಸಿತು. ೧೯೮೫–೮೬ರ ಋತುವಿನಿಂದ ಅದು ಜಾರಿಗೆ ಬಂದಿತು. ಎಲ್ಲ ದೇಶಗಳೂ ಅದಕ್ಕೆ ತಲೆಬಾಗಿಲ್ಲ. ಜಪಾನು ೨೦೧೯ರಲ್ಲಿ ಆಯೋಗವನ್ನೇ ತೊರೆದು ಬೇಟೆಯನ್ನು ಮತ್ತೆ ಹಿಡಿಯಿತು. ಆದರೂ ಹಾಡೊಂದು ಅಂತರರಾಷ್ಟ್ರೀಯ ನಿರ್ಧಾರಕ್ಕೆ ಹಾದಿಮಾಡಿದ ಇಂಥ ಉದಾಹರಣೆ ಚರಿತ್ರೆಯಲ್ಲಿ ಅಪೂರ್ವ.

ಇನ್ನು ನಮ್ಮ ಕಡಲಿಗೆ ಬರೋಣ. ಗೂನುಬೆನ್ನಿನ ತಿಮಿಂಗಿಲಗಳು ಸಾಮಾನ್ಯವಾಗಿ ವಲಸೆಗಾರರು. ಬೇಸಗೆಯಲ್ಲಿ ಧ್ರುವಗಳ ಹತ್ತಿರದ ತಣ್ಣೀರಿನಲ್ಲಿ ಹೊಟ್ಟೆತುಂಬ ಉಂಡು, ಚಳಿಗಾಲಕ್ಕೆ ಉಷ್ಣವಲಯದ ಬೆಚ್ಚನೆಯ ನೀರಿಗೆ ಬಂದು ಕೂಡುವುದು, ಈಯುವುದು. ಹೀಗೆ ವರ್ಷವರ್ಷವೂ ಸಾವಿರಾರು ಕಿಲೋಮೀಟರು ಪಯಣ. ಅರಬ್ಬೀ ಸಮುದ್ರದವು ಮಾತ್ರ ಇದಕ್ಕೆ ಅಪವಾದ. ಅವು ಧ್ರುವದ ಕಡೆಗೆ ಹೋಗುವುದಿಲ್ಲ. ಹುಟ್ಟಿದ ಕಡಲಿನಲ್ಲಿಯೇ ಉಂಡು, ಕೂಡಿ, ಮರಿಮಾಡಿ, ಸಾಯುತ್ತವೆ. ಉತ್ತರಕ್ಕೆ ಹೋಗೋಣವೆಂದರೆ ಏಷ್ಯಾ ಖಂಡದ ನೆಲ ಅಡ್ಡ. ಹೋಗಬೇಕಾದ ಅಗತ್ಯವೂ ಅವಕ್ಕಿಲ್ಲ. ಕಾರಣ ನಮ್ಮ ಮುಂಗಾರು.

ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯದ ಗಾಳಿಯೇ ಒಮಾನ್ ದೇಶದ ತೀರದುದ್ದಕ್ಕೂ ರಭಸದಿಂದ ಬೀಸುತ್ತದೆ. ಆ ಬೀಸಿಗೆ ಮೇಲ್ಪದರದ ಬಿಸಿನೀರು ತೀರದಿಂದಾಚೆಗೆ ಸರಿಯುತ್ತದೆ. ಆ ತೆರವನ್ನು ತುಂಬಲು ಕಡಲಿನಾಳದ ತಣ್ಣೀರು, ಲವಣಾದಿ ಪೋಷಕಗಳ ಸಮೇತ, ಮೇಲಕ್ಕೇಳುತ್ತದೆ. ಬಿಸಿಲು ಕಂಡ ಆ ಸಾರವತ್ತಾದ ನೀರಿನಲ್ಲಿ ಸೂಕ್ಷ್ಮಸಸ್ಯಗಳು ಹೊಲದಂತೆ ಬೆಳೆಯುತ್ತವೆ. ಅವನ್ನುಂಡು ಕಿರುಜೀವಿಗಳು, ಅವನ್ನುಂಡು ಬೂತಾಯಿಯ ಹಿಂಡುಗಳು. ಧ್ರುವದ ಔತಣವನ್ನು ಮುಂಗಾರು ಉಷ್ಣವಲಯದ ಬಾಗಿಲಿಗೇ ತಂದು ಬಡಿಸಿದಂತಾಯಿತು. ನಮ್ಮ ಗದ್ದೆಯನ್ನು ನಾಟಿಗೆ ಹದಮಾಡುವ ಗಾಳಿ ಅಲ್ಲಿ ತಿಮಿಂಗಿಲಕ್ಕೆ ಅನ್ನವಿಕ್ಕುತ್ತದೆ.

ಈ ನೆಲಸಿಗರ ವಿಷಯ ಲೋಕಕ್ಕೆ ತಿಳಿದ ಬಗೆ ಮಾತ್ರ ನೋವಿನದು. ಸೋವಿಯತ್ ಒಕ್ಕೂಟದ ಬೇಟೆಯ ಹಡಗುಗಳು ಒಡೆಸ್ಸಾ ಬಂದರಿನಿಂದ ಹೊರಟು, ಸೂಯೆಜ್ ಕಾಲುವೆ ದಾಟಿ, ದಕ್ಷಿಣ ಧ್ರುವದ ಕಡೆಗೆ ಸಾಗುತ್ತಿದ್ದವು. ಹಾದಿಯಲ್ಲಿ ಅರಬ್ಬೀ ಸಮುದ್ರ. ೧೯೬೬ರ ಹೊತ್ತಿಗೆ ಗೂನುಬೆನ್ನಿನ ತಿಮಿಂಗಿಲವನ್ನು ಬೇಟೆಯಾಡಕೂಡದೆಂದು ಆಯೋಗ ಗೊತ್ತುಪಡಿಸಿತ್ತು. ಆದರೂ ೧೯೬೫ ಮತ್ತು ೧೯೬೬ರಲ್ಲಿ ಒಮಾನ್, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ತೀರಗಳಾಚೆ ಆ ಹಡಗುಗಳು ೨೪೨ ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಅವುಗಳಲ್ಲಿ ಬಹುಪಾಲು ೧೯೬೬ರ ನವೆಂಬರ್ ಒಂದೇ ತಿಂಗಳಲ್ಲಿ. ಆಯೋಗಕ್ಕೆ ಒಪ್ಪಿಸಿದ ಲೆಕ್ಕದಲ್ಲಿ ಇದರ ಸೊಲ್ಲಿರಲಿಲ್ಲ. ಸುಳ್ಳು ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ: ದಕ್ಷಿಣಾರ್ಧಗೋಳದಲ್ಲಿ ಸೋವಿಯತ್ ಹಡಗುಗಳು ೪೮,೦೦೦ಕ್ಕೂ ಮಿಕ್ಕಿ ಗೂನುಬೆನ್ನಿನ ತಿಮಿಂಗಿಲಗಳನ್ನು ಕೊಂದು, ವರದಿಯಲ್ಲಿ ತೋರಿಸಿದ್ದು ೨,೭೧೦.

ಈ ಸಂಗತಿ ಬಯಲಾದದ್ದು ಸೋವಿಯತ್ ವ್ಯವಸ್ಥೆ ಕುಸಿದ ಮೇಲೆ. ಅಲೆಕ್ಸೈ ಯಾಬ್ಲೊಕೊವ್ ಎಂಬ ವಿಜ್ಞಾನಿ ೧೯೯೩ರಲ್ಲಿ ಸುಳ್ಳು ಲೆಕ್ಕಗಳ ಮಾತನ್ನು ಬಹಿರಂಗಪಡಿಸಿದರು. ಆ ಹಡಗುಗಳಲ್ಲಿ ಕೆಲಸಮಾಡಿದ್ದ ಜೀವಶಾಸ್ತ್ರಜ್ಞರು ಉಳಿಸಿಟ್ಟಿದ್ದ ನಿಜವಾದ ದಾಖಲೆಗಳು ಬೆಳಕಿಗೆ ಬಂದವು. ಅವರಲ್ಲೊಬ್ಬರಾದ ಯೂರಿ ಮಿಖಾಲೆವ್ ಅವರು ಅರಬ್ಬೀ ಸಮುದ್ರದ ಬೇಟೆಯ ವಿವರಗಳನ್ನು ೧೯೯೭ರಲ್ಲಿ ಪ್ರಕಟಿಸಿದರು. ಕೊಯ್ದ ಹೊಟ್ಟೆಗಳಲ್ಲಿ ಆಗತಾನೆ ತಿಂದ ಮೀನೂ ಸೀಗಡಿಯಂಥ ಜೀವಿಗಳೂ ಇದ್ದವು. ಎಂದರೆ ಇವು ಇಲ್ಲಿಯೇ ಉಣ್ಣುವಂಥವು. ಗರ್ಭದ ಮರಿಗಳ ಅಳತೆಯಿಂದ, ಇವು ಉತ್ತರಾರ್ಧಗೋಳದ ಕಾಲಮಾನದಂತೆ ಕೂಡುವಂಥವು, ದಕ್ಷಿಣದ ತಿಮಿಂಗಿಲಗಳಿಗೂ ಇವಕ್ಕೂ ಆರು ತಿಂಗಳ ಅಂತರವೆಂದು ಗೊತ್ತಾಯಿತು. ಒಂದು ಕುಲ ಈ ಕಡಲಿನ ಶಾಶ್ವತ ನಿವಾಸಿಯೆಂಬ ನಿಜವನ್ನು ಅದರ ಶವಗಳು ಹೇಳಿದವು, ಅದೂ ಮೂವತ್ತು ವರ್ಷ ತಡವಾಗಿ.

ಅದೇ ನಿಜವನ್ನು ಕೊಲ್ಲದೆಯೂ ತಿಳಿಯಬಹುದಾಗಿತ್ತು, ತಿಳಿಯಲಾಯಿತು ಕೂಡ. ಸೇಷೆಲ್ಸ್ ಎಂಬ ಪುಟ್ಟ ದ್ವೀಪರಾಷ್ಟ್ರದ ಸೂಚನೆಯಂತೆ ೧೯೭೯ರಲ್ಲಿ ಹಿಂದೂ ಮಹಾಸಾಗರವು ತಿಮಿಂಗಿಲಗಳ ಅಭಯಧಾಮವಾಯಿತು. ಆ ಬಳಿಕ ‘ಟ್ಯುಲಿಪ್’ ಎಂಬ ಸಣ್ಣ ಹಾಯಿಹಡಗಿನಲ್ಲಿ ಕೆಲವು ಸಂಶೋಧಕರು ಇಲ್ಲಿನ ತಿಮಿಂಗಿಲಗಳನ್ನು ನೋಡಲು ಬಂದರು. ಅವರ ಬಳಿ ಈಟಿಯಿರಲಿಲ್ಲ, ನೀರಿಗಿಳಿಬಿಡುವ ಶಬ್ದಗ್ರಾಹಕವಿತ್ತು. ೧೯೮೨ರಲ್ಲಿ ಒಮಾನಿನ ಬಳಿಯೂ ಶ್ರೀಲಂಕೆಯ ಬಳಿಯೂ ಅವರು ಗೂನುಬೆನ್ನಿನ ತಿಮಿಂಗಿಲಗಳ ಹಾಡನ್ನು ಕೇಳಿ ಮುದ್ರಿಸಿಕೊಂಡರು. ಹಾಲ್ ವೈಟ್‌ಹೆಡ್ ಎಂಬ ವಿಜ್ಞಾನಿ ಹೋಲಿಸಿ ನೋಡಲಾಗಿ, ಎರಡೂ ಕಡೆಯ ಹಾಡು ಒಂದೇ ಬಗೆಯದಾಗಿತ್ತು. ಬೇರೆ ಸಾಗರಗಳ ಹಾಡಿನಿಂದ ಅದು ಭಿನ್ನವಾಗಿತ್ತು. ಹಡಗಿನ ಅಟ್ಟದ ಮೇಲೆ ರಕ್ತ ಹರಿಸಿ ಪಡೆದ ತಿಳಿವಿನ ಕಡೆಗೆ ಒಂದು ಹಗ್ಗ, ಒಂದು ಯಂತ್ರ, ಆಲಿಸುವ ತಾಳ್ಮೆ ಇಷ್ಟೂ ಕರೆದೊಯ್ದವು. ಪ್ರಾಣಿಯನ್ನು ಅರಿಯಲು ಎರಡು ದಾರಿಗಳಿವೆ, ಕೊಯ್ಯುವ ದಾರಿ ಮತ್ತು ಕೇಳುವ ದಾರಿ. ಒಂದೇ ಕಡಲಿನಲ್ಲಿ, ಹದಿನಾರು ವರ್ಷಗಳ ಅಂತರದಲ್ಲಿ, ಎರಡನ್ನೂ ನಾವು ಕಂಡಿದ್ದೇವೆ.

ಆಮೇಲೆ ಒಮಾನಿನಲ್ಲಿ ಕ್ರಮಬದ್ಧವಾದ ಅಧ್ಯಯನ ನಡೆಯಿತು. ಗೂನುಬೆನ್ನಿನ ತಿಮಿಂಗಿಲದ ಬಾಲದ ಅಡಿಯಲ್ಲಿ ಕಪ್ಪುಬಿಳುಪಿನ ಚಿತ್ತಾರವಿರುತ್ತದೆ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ ಒಂದರದು ಇನ್ನೊಂದಕ್ಕಿಲ್ಲ. ಆ ಚಿತ್ತಾರಗಳ ಛಾಯಾಚಿತ್ರಗಳಿಂದ ತಲೆಯೆಣಿಸಿದಾಗ, ೨೦೦೪ರವರೆಗಿನ ಲೆಕ್ಕದಂತೆ ಅಂದಾಜು ೮೨. ೧೯೬೬ರ ಆಸುಪಾಸಿನಲ್ಲಿ ಕೊಂದದ್ದು ೨೪೨. ಇಂದು ನಮಗೆ ಲೆಕ್ಕಕ್ಕೆ ಸಿಕ್ಕಿರುವುದು ೮೨. ಎರಡು ಮೂರು ವರ್ಷಕ್ಕೊಂದೇ ಮರಿ ಎಂಬ ಲೆಕ್ಕವನ್ನು ಇಲ್ಲಿ ನೆನೆಯಬೇಕು. ೨೦೧೪ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವು, ಈ ಕುಲ ಸುಮಾರು ೭೦,೦೦೦ ವರ್ಷಗಳಿಂದ ಬೇರೆ ಕಡಲುಗಳ ಬಂಧುಗಳಿಂದ ಅಗಲಿ ಇದೆಯೆಂದು ಹೇಳಿತು. ಮನುಷ್ಯನ ಲಿಪಿಗಳಿಗಿಂತ, ಬೇಸಾಯಕ್ಕಿಂತ ಎಷ್ಟೋ ಹಳೆಯದಾದ ಒಂಟಿತನ ಇದು. ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಹಾಡುವವರಿದ್ದಾರೆ, ಅವರ ಹಾಡು ಬೇರೆ. ನೂರು ಮಂದಿಯೂ ಆಡದ ನುಡಿಯೊಂದು ಇನ್ನೂ ಜೀವಂತವಾಗಿರುವುದನ್ನು ಕಂಡ ಭಾಷಾಶಾಸ್ತ್ರಜ್ಞನಿಗೆ ಆಗುವ ಬೆರಗೂ ಕಳವಳವೂ ಇಲ್ಲಿ ಉಂಟಾಗುತ್ತವೆ.

ಇವು ಒಮಾನಿನವು, ನಮಗೇನು ಸಂಬಂಧ ಎನ್ನುವಂತಿಲ್ಲ. ೨೦೧೭ರಲ್ಲಿ ಒಮಾನಿನ ತೀರದಲ್ಲಿ ಒಂದು ಹೆಣ್ಣು ತಿಮಿಂಗಿಲಕ್ಕೆ ಉಪಗ್ರಹಕ್ಕೆ ಸುಳಿವು ಕೊಡುವ ಪುಟ್ಟ ಸಾಧನವನ್ನು ಅಂಟಿಸಿದರು. ಅದಕ್ಕಿಟ್ಟ ಹೆಸರು ‘ಲುಬಾನ್’. ನಮ್ಮ ಮನೆಗಳಲ್ಲಿ ಲೋಬಾನವೆಂದು ಧೂಪ ಹಾಕುತ್ತೇವಲ್ಲ, ಆ ಮಾತಿನ ಮೂಲವೂ ಇದೇ ಅರಬ್ಬೀ ಪದ. ಲೋಬಾನವೂ ಅದರ ಹೆಸರೂ ಬಂದಂತೆಯೇ ಈ ಲುಬಾನ್ ಕೂಡ ಕಡಲನ್ನು ಅಡ್ಡಹಾಯ್ದು ಭಾರತದ ಪಡುಕರೆಗೆ ಬಂದಿತು. ಅಲ್ಲಿಂದ ದಕ್ಷಿಣಕ್ಕೆ ಇಳಿದು ಮನ್ನಾರ್ ಕೊಲ್ಲಿಯ ಕಡೆಗೆ ಸಾಗಿತು. ಅದೇ ೨೦೧೭ರ ಮಾರ್ಚಿಯಲ್ಲಿ ಗೋವೆಯ ತೀರದಾಚೆ, ಕಾರವಾರಕ್ಕೆ ಬಹುದೂರವಲ್ಲದ ಕಡೆ, ನೀರಿನೊಳಗಿಳಿಸಿದ್ದ ಯಂತ್ರಕ್ಕೆ ಗಂಡು ತಿಮಿಂಗಿಲದ ಹಾಡು ಸಿಕ್ಕಿತು. ನಮ್ಮ ಮೀನುಗಾರರ ದೋಣಿಗಳು ತೇಲುವ ನೀರಿನಡಿಯಲ್ಲಿ ಆ ಕಛೇರಿ ಹಿಂದಿನಿಂದಲೂ ನಡೆದಿರಬೇಕು. ಕೇಳುವ ಕಿವಿಯಿರಲಿಲ್ಲ, ಅಷ್ಟೆ.

ಈಗ ಈಟಿಯ ಭಯವಿಲ್ಲ. ಆದರೆ ಕೊಲ್ಲುವ ಮನಸ್ಸಿಲ್ಲದೆಯೂ ಕೊಲ್ಲುವ ಸಾಧನಗಳು ನಮ್ಮಲ್ಲಿವೆ. ಮೊದಲನೆಯದು ಬಲೆ. ಒಮಾನಿನಲ್ಲಿ ನೋಡಿದ ಪ್ರಾಣಿಗಳಲ್ಲಿ ಪ್ರತಿಶತ ೩೦ರಿಂದ ೪೦ರ ಮೈಮೇಲೆ ಬಲೆಗೆ ಸಿಕ್ಕಿ ಬಿಡಿಸಿಕೊಂಡ ಗಾಯದ ಗುರುತುಗಳಿದ್ದವು; ಬಿಡಿಸಿಕೊಳ್ಳಲಾರದವು ಲೆಕ್ಕಕ್ಕೆ ಬಂದಿಲ್ಲ. ಎರಡನೆಯದು ಹಡಗು. ಅರಬ್ಬೀ ಸಮುದ್ರ ಲೋಕದ ಅತ್ಯಂತ ಜನನಿಬಿಡ ಹೆದ್ದಾರಿಗಳಲ್ಲಿ ಒಂದು. ಮೂರನೆಯದು ಕಣ್ಣಿಗೆ ಕಾಣದ್ದು: ಸದ್ದು. ದೊಡ್ಡ ಹಡಗಿನ ಚಾಲಕಚಕ್ರ ಹೊರಡಿಸುವುದು ಮಂದ್ರದ ಗುಡುಗು. ತಿಮಿಂಗಿಲ ಹಾಡುವುದೂ ಮಂದ್ರದಲ್ಲಿ. ಈ ಪ್ರಾಣಿಗಳ ಗಂಟಲಿನ ರಚನೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು ೨೦೨೪ರಲ್ಲಿ ಹೇಳಿದಂತೆ, ಅವು ದನಿ ಹೊರಡಿಸುವ ವ್ಯಾಪ್ತಿ ಹಡಗುಗಳ ಗದ್ದಲದ ವ್ಯಾಪ್ತಿಯೊಡನೆ ಬಹುಮಟ್ಟಿಗೆ ಒಂದಾಗಿಬಿಡುತ್ತದೆ. ಅದನ್ನು ಮೀರಿ ಹಾಡಲು ಆ ಗಂಟಲಿಗೆ ಎಡೆಯೇ ಇಲ್ಲ. ಕ್ಯಾಲಿಫೋರ್ನಿಯದ ತೀರದಾಚೆ ಅಳೆದು ನೋಡಿದಾಗ, ೧೯೬೦ರ ದಶಕದಿಂದ ನಾಲ್ಕು ದಶಕಗಳಲ್ಲಿ ಕಡಲಾಳದ ಇಂಥ ಗದ್ದಲ ಹತ್ತು ವರ್ಷಕ್ಕೊಮ್ಮೆ ಸರಿಸುಮಾರು ಇಮ್ಮಡಿಸುತ್ತ ಬಂದಿತ್ತು. ಸಂತೆಯ ನಡುವೆ ನಿಂತು ತಂಬೂರಿ ಮೀಟಿದವನ ಪಾಡು ಇದು.

ಗದ್ದಲ ಕಿವಿಗಷ್ಟೇ ಅಲ್ಲ, ಜೀವಕ್ಕೂ ತಾಗುತ್ತದೆಂಬುದಕ್ಕೆ ಎರಡು ಸಾಕ್ಷ್ಯಗಳನ್ನು ಹೇಳಬಹುದು. ೨೦೦೧ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಲೆ ಭಯೋತ್ಪಾದಕರ ದಾಳಿಯಾದ ಬಳಿಕ ಕೆಲವು ದಿನ ಹಡಗುಗಳ ಓಡಾಟ ಕುಗ್ಗಿತು. ಕೆನಡದ ಫಂಡಿ ಕೊಲ್ಲಿಯಲ್ಲಿ ಆಗ ಕಡಲು ಹಿಂದೆಂದೂ ಇಲ್ಲದಂತೆ ಸುಮ್ಮನಾಯಿತು. ಅದೇ ದಿನಗಳಲ್ಲಿ ಅಲ್ಲಿನ ರೈಟ್ ತಿಮಿಂಗಿಲಗಳ ಮಲವನ್ನು ಬೇರೊಂದು ಕಾರಣಕ್ಕಾಗಿ ಸಂಗ್ರಹಿಸುತ್ತಿದ್ದ ಸಂಶೋಧಕರು ಆಮೇಲೆ ಹೋಲಿಸಿ ನೋಡಿದರೆ, ಪ್ರಾಣಿಯ ಉದ್ವೇಗವನ್ನು ಸೂಚಿಸುವ ರಸಗಳು ಆ ವಾರಗಳಲ್ಲಿ ಇಳಿದಿದ್ದವು. ಮನುಷ್ಯಲೋಕ ದುಃಖದಲ್ಲಿ ಮುಳುಗಿದ್ದಾಗ ಕಡಲಿಗೆ ಅರಿವಿಲ್ಲದೆ ಒಂದು ವಿಶ್ರಾಂತಿ ದೊರಕಿತ್ತು. ಇನ್ನೊಂದು ಸಾಕ್ಷ್ಯ ಕಿವಿಯ ಗುಗ್ಗೆಯದು. ತಿಮಿಂಗಿಲದ ಕಿವಿಯಲ್ಲಿ ಗುಗ್ಗೆ ಮರದ ಉಂಗುರಗಳಂತೆ ಪದರಪದರವಾಗಿ ಜೀವಮಾನವಿಡೀ ಕೂಡುತ್ತದೆ. ಸಂಗ್ರಹಾಲಯಗಳಲ್ಲಿದ್ದ ೨೦ ತಿಮಿಂಗಿಲಗಳ ಗುಗ್ಗೆಯನ್ನು ಬಿಡಿಸಿ ಓದಿದ ೨೦೧೮ರ ಅಧ್ಯಯನವು, ಬೇಟೆ ಹೆಚ್ಚಿದ ಕಾಲದಲ್ಲಿ ಉದ್ವೇಗರಸವೂ ಹೆಚ್ಚಿತ್ತೆಂದು ತೋರಿಸಿತು. ಎರಡನೆಯ ಮಹಾಯುದ್ಧದಲ್ಲಿ ಬೇಟೆ ತಗ್ಗಿತು. ಉದ್ವೇಗ ಮಾತ್ರ ಏರಿತು. ನಮ್ಮ ಯುದ್ಧಗಳ ಚರಿತ್ರೆಯನ್ನು ನಾವು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಅವುಗಳ ಕಿವಿಯಲ್ಲಿಯೂ ಅದು ಬರೆದಿದೆ.

ಹಾಗೆಂದು ಕೈಚೆಲ್ಲಿ ಕೂರಬೇಕಾದ ಕಾರಣವಿಲ್ಲ. ದಕ್ಷಿಣ ಅಟ್ಲಾಂಟಿಕ್‌ನ ಪಶ್ಚಿಮ ಭಾಗದಲ್ಲಿ, ಬ್ರೆಜಿಲಿನ ತೀರದ ಗೂನುಬೆನ್ನಿನ ತಿಮಿಂಗಿಲಗಳು ಒಂದು ಕಾಲಕ್ಕೆ ಸುಮಾರು ೪೫೦ಕ್ಕೆ ಇಳಿದಿದ್ದವು. ೨೦೧೯ರ ಅಂದಾಜಿನಂತೆ ಅವು ೨೫,೦೦೦ದ ಹತ್ತಿರ ಬಂದಿವೆ. ಬಿಟ್ಟರೆ ಬದುಕುತ್ತವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ. ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಿಮಿಂಗಿಲಗಳಿಗೂ ರಕ್ಷೆ ಕೊಡುತ್ತದೆ. ೨೦೧೮ರಲ್ಲಿ ಕೇಂದ್ರ ಸರ್ಕಾರವು ವಿಶೇಷ ಆರೈಕೆಯಿಂದ ಉಳಿಸಿಕೊಳ್ಳಬೇಕಾದ ಜೀವಿಗಳ ಪಟ್ಟಿಗೆ ಅರಬ್ಬೀ ಸಮುದ್ರದ ಈ ಕುಲವನ್ನು ಹೆಸರು ಹಿಡಿದು ಸೇರಿಸಿತು. ಬಲೆಯನ್ನು ಕೊಯ್ದು ಪ್ರಾಣಿಯನ್ನು ಬಿಟ್ಟ ಮೀನುಗಾರನಿಗೆ ಆಗುವ ನಷ್ಟ ಸಣ್ಣದಲ್ಲ. ಮಹಾರಾಷ್ಟ್ರ ಸರ್ಕಾರ ೨೦೧೮ರಿಂದ ಅಂಥವರಿಗೆ ೨೫,೦೦೦ ರೂಪಾಯಿಯವರೆಗೆ ಪರಿಹಾರ ಕೊಡುವ ಏರ್ಪಾಡು ಮಾಡಿದ್ದು ಅನುಕರಣೀಯ. ಹಡಗುಗಳಿಗೆ ಹೇಳಬೇಕಾದ ಮಾತೂ ಕಷ್ಟದ್ದಲ್ಲ: ಕೆಲವು ಕಡೆ ನಿಧಾನವಾಗಿ ಹೋಗಿ, ಕೆಲವು ಕಡೆ ಸ್ವಲ್ಪ ಬಳಸಿ ಹೋಗಿ. ಶ್ರೀಲಂಕೆಯ ದಕ್ಷಿಣದಲ್ಲಿ ನೀಲಿ ತಿಮಿಂಗಿಲಗಳಿಗಾಗಿ ಒಂದು ದೊಡ್ಡ ಹಡಗು ಸಂಸ್ಥೆ ೨೦೨೨ರಲ್ಲಿ ತನ್ನ ದಾರಿಯನ್ನು ಬದಲಿಸಿಕೊಂಡಿತು. ವೇಗ ತಗ್ಗಿದರೆ ಡಿಕ್ಕಿಯೂ ತಗ್ಗುತ್ತದೆ, ಗದ್ದಲವೂ ತಗ್ಗುತ್ತದೆ.

ಕಡಲಿಗೆ ಬಿದ್ದ ಎಣ್ಣೆಯನ್ನು ಬಳಿದು ತೆಗೆಯಲು ವರ್ಷಗಳು ಬೇಕು. ಪ್ಲಾಸ್ಟಿಕ್ಕನ್ನು ಆರಿಸಲು ತಲೆಮಾರುಗಳೇ ಬೇಕಾದೀತು. ಸದ್ದು ಹಾಗಲ್ಲ. ಯಂತ್ರ ನಿಂತ ಗಳಿಗೆಯಲ್ಲಿ ಅದೂ ನಿಲ್ಲುತ್ತದೆ, ಹಿಂದೆ ಯಾವ ಕಸವನ್ನೂ ಉಳಿಸುವುದಿಲ್ಲ. ಮನುಷ್ಯ ಮಾಡಿರುವ ಮಾಲಿನ್ಯಗಳಲ್ಲಿ ಇಷ್ಟು ಸುಲಭವಾಗಿ ಹಿಂತೆಗೆದುಕೊಳ್ಳಬಹುದಾದದ್ದು ಇನ್ನೊಂದಿಲ್ಲ. ಮುಂಗಾರ ಗಾಳಿ ಪಡುವಣದಿಂದ ಬೀಸತೊಡಗಿದಾಗ ಅದು ನಮಗೆ ಮಳೆಯನ್ನು ತಂದಿತೆಂದು ನಲಿಯುತ್ತೇವೆ. ಅದೇ ಗಾಳಿಯ ಉಪ್ಪುಂಡು ಬದುಕುವ ನೂರರೊಳಗಿನ ಒಂದು ಸಂಸಾರ ಆ ಕಡಲಿನಲ್ಲಿದೆ. ಎಪ್ಪತ್ತು ಸಾವಿರ ವರ್ಷಗಳ ಕೆಳಗೆ ಬೇರೆಯಾದ ಅದರ ಹಾಡನ್ನು ಕಲಿಯುವ ಮರಿಗೆ ಅದು ಕೇಳಿಸಬೇಕು. ಅದಕ್ಕೆ ನಮ್ಮಿಂದ ಬೇಕಾದದ್ದು ಬಲೆಯಲ್ಲಿ ಒಂದಿಷ್ಟು ಎಚ್ಚರ, ವೇಗದಲ್ಲಿ ಒಂದಿಷ್ಟು ಸಂಯಮ, ನೀರಿನಲ್ಲಿ ಒಂದಿಷ್ಟು ಮೌನ.